ಕುತ್ತಿಗೆ ಶಸ್ತ್ರಚಿಕಿತ್ಸೆ ಮತ್ತು ಎಲುಬು ಬೆಸೆಯುವ ಜೈವಿಕ ವಸ್ತುಗಳು: ಮಂಗಳೂರು, ಉಡುಪಿಯ ರೋಗಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕುತ್ತಿಗೆಯ ಡಿಸ್ಕ್, ಅಂದರೆ ಎಲುಬುಗಳ ನಡುವಿನ ಮೆತ್ತೆ, ತೆಗೆದು ಎರಡು ಎಲುಬುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಅಪರೂಪದ್ದಲ್ಲ. ಹೊರರೋಗಿ ವಿಭಾಗಕ್ಕೆ ಬರುವವರು ಪ್ಲೇಟ್ ಬಗ್ಗೆ ಕೇಳುತ್ತಾರೆ, ಸ್ಕ್ರೂ ಬಗ್ಗೆ ಕೇಳುತ್ತಾರೆ, ಗಾಯದ ಕಲೆ ಎಷ್ಟು ಉದ್ದ ಎಂದು ಕೇಳುತ್ತಾರೆ. ಡಿಸ್ಕಿನ ಜಾಗದಲ್ಲಿ ಕೂರಿಸುವ ಟೊಳ್ಳು ಚೌಕಟ್ಟಾದ ಕೇಜಿನೊಳಗೆ ಏನು ತುಂಬುತ್ತೀರಿ ಎಂದು ಕೇಳುವವರು ಕಡಿಮೆ. ಬಿಲ್ಲಿನಲ್ಲಿ ಅರ್ಥವಾಗದ ಹೆಸರೊಂದು ಕಂಡ ಮೇಲೆ ಆ ಪ್ರಶ್ನೆ ಬರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಅದು ಬರಬೇಕು ಎಂಬ ಕಾರಣಕ್ಕೆ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಕೇಜ್ ಇದೆ, ಪ್ಲೇಟ್ ಇದೆ. ಮತ್ತೆ ಎಲುಬು ಬೆಳೆಸುವ ವಸ್ತು ಯಾಕೆ?

ಕುತ್ತಿಗೆಯಲ್ಲಿ ಏಳು ಎಲುಬುಗಳಿವೆ. ಮೇಲಿನ ಎರಡರ ನಡುವೆ ಬಿಟ್ಟರೆ ಉಳಿದವುಗಳ ನಡುವೆ ಡಿಸ್ಕ್ ಇರುತ್ತದೆ. ಸವೆದ ಡಿಸ್ಕ್ ನರವನ್ನು ಒತ್ತಿದರೆ ನೋವು ತೋಳಿಗೆ ಇಳಿಯುತ್ತದೆ. ಬೆನ್ನುಹುರಿಯನ್ನೇ ಒತ್ತಿದರೆ ನೋವಿಗಿಂತ ಮೊದಲು ಕೈಯ ಚುರುಕು ಹೋಗುತ್ತದೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಶಂಕರಪುರದ ಕಡೆಯಿಂದ ಬಂದ ಅಮ್ಮನೊಬ್ಬರು ಮಲ್ಲಿಗೆ ಕಟ್ಟುವಾಗ ಬಾಳೆನಾರು ಬೆರಳಿನ ಸಂದಿಯಿಂದ ಜಾರುತ್ತದೆ ಎಂದು ಹೇಳಿದರೆ, ಅದು ಎಂಆರ್‌ಐ ಮಾಡಿಸಲು ಸಾಕಷ್ಟು ದೊಡ್ಡ ಕಾರಣ.

ಒತ್ತಡ ತೆಗೆಯಲು ಡಿಸ್ಕನ್ನು ತೆಗೆದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಎತ್ತರ ಕುಸಿಯದಂತೆ ಕೇಜ್ ತಡೆಯುತ್ತದೆ, ಅಲುಗಾಡದಂತೆ ಪ್ಲೇಟ್ ಹಿಡಿಯುತ್ತದೆ. ಆದರೆ ಲೋಹವಾಗಲಿ ಪ್ಲಾಸ್ಟಿಕ್ ಜಾತಿಯ ಪೀಕ್ ಆಗಲಿ ಜೀವಮಾನವಿಡೀ ಆ ಭಾರ ಹೊರಲಾರದು. ತಲೆ ದಿನಕ್ಕೆ ಸಾವಿರಾರು ಸಲ ಅಲುಗುತ್ತದೆ. ಎಲುಬು ಬೆಸೆಯದಿದ್ದರೆ ಇಂದಲ್ಲ ನಾಳೆ ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ಕೇಜ್ ಎಲುಬಿನೊಳಗೆ ಹೂತುಹೋಗುತ್ತದೆ. ಕೊನೆಯವರೆಗೆ ಉಳಿಯುವುದು ನಿಮ್ಮದೇ ಎಲುಬು. ಅದು ಬೆಳೆದು ಬರುವವರೆಗೆ ಉಳಿದವುಗಳು ಕಾವಲು.

ಈ ವಸ್ತುಗಳು ಎಲುಬನ್ನು ಹೇಗೆ ಬೆಳೆಸುತ್ತವೆ?

ಮೂರು ಸಂಗತಿಗಳು ಕೂಡಿಬರಬೇಕು. ಎಲುಬು ಕಟ್ಟುವ ಜೀವಕೋಶಗಳು ಬೇಕು. ಆ ಕೋಶಗಳನ್ನು ಕರೆದು ಕೆಲಸಕ್ಕೆ ಹಚ್ಚುವ ಸಂಕೇತ, ಅಂದರೆ ಕೆಲವು ಪ್ರೋಟೀನ್‌ಗಳು ಬೇಕು. ಕೋಶಗಳು ಹತ್ತಿ ಹಬ್ಬಲು ಹಂದರ ಬೇಕು. ಹಿತ್ತಿಲಿನ ಬಸಳೆಯನ್ನು ನೆನಪಿಸಿಕೊಳ್ಳಿ: ಬಳ್ಳಿ, ಗೊಬ್ಬರ, ಚಪ್ಪರ ಮೂರೂ ಇದ್ದರೆ ಮಾತ್ರ ಸೊಪ್ಪು ಸಿಗುತ್ತದೆ. ಮಾರುಕಟ್ಟೆಯಲ್ಲಿರುವ ಹೆಚ್ಚಿನ ವಸ್ತುಗಳು ಈ ಮೂರರಲ್ಲಿ ಒಂದನ್ನೋ ಎರಡನ್ನೋ ಕೊಡುತ್ತವೆ. ಮೂರನ್ನೂ ಒಟ್ಟಿಗೆ ಕೊಡುವುದು ರೋಗಿಯ ಸ್ವಂತ ಎಲುಬು.

ಇಷ್ಟಾದ ಮೇಲೂ ನೆಲ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಡಿಸ್ಕ್ ತೆಗೆದ ಮೇಲೆ ಮೇಲಿನ ಮತ್ತು ಕೆಳಗಿನ ಎಲುಬಿನ ಮುಖದ ಮೇಲೆ ತೆಳುವಾದ ಮೃದ್ವಸ್ಥಿ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ಕೆರೆಯಬೇಕು. ಸೂಕ್ಷ್ಮದರ್ಶಕದಡಿ ಬಿಳಿ ಹೊಳಪು ಹೋಗಿ, ಎಲುಬಿನ ಮೇಲೆ ರಕ್ತದ ಸಣ್ಣ ಚುಕ್ಕೆಗಳು ಒಂದೊಂದಾಗಿ ಮೂಡಬೇಕು. ಆ ರಕ್ತದ ಜೊತೆಗೇ ಮಜ್ಜೆಯ ಕೋಶಗಳು ಬರುತ್ತವೆ. ಕಡಿಮೆ ಕೆರೆದರೆ ಎಲುಬು ಹಿಡಿಯುವುದಿಲ್ಲ. ಅತಿಯಾಗಿ ಕೆರೆದರೆ ಗಟ್ಟಿ ಪದರ ಹೋಗಿ ಕೇಜ್ ಹೂತುಹೋಗುತ್ತದೆ. ನನ್ನ ಮಟ್ಟಿಗೆ ಈ ಕೆಲವು ನಿಮಿಷಗಳ ಕೆಲಸ ಯಾವ ದುಬಾರಿ ಡಬ್ಬಿಗಿಂತಲೂ ಮುಖ್ಯ.

ಸ್ವಂತ ಎಲುಬು ಅಷ್ಟು ಒಳ್ಳೆಯದಾದರೆ ಎಲ್ಲರಿಗೂ ಅದನ್ನೇ ಹಾಕಬಹುದಲ್ಲ?

ಬಹುಕಾಲ ಹಾಗೆಯೇ ನಡೆಯಿತು. ಮುಂಭಾಗದಿಂದ ಕುತ್ತಿಗೆ ತೆರೆದು ಎಲುಬು ಬೆಸೆಯುವ ವಿಧಾನವನ್ನು 1950ರ ದಶಕದಲ್ಲಿ ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್ ಒಂದು ಬಗೆಯಲ್ಲಿ, ಕ್ಲೋವರ್ಡ್ ಇನ್ನೊಂದು ಬಗೆಯಲ್ಲಿ ರೂಢಿಗೆ ತಂದರು. ಸೊಂಟದ ಮುಂಭಾಗದ ಎಲುಬಿನಿಂದ ತುಂಡು ತೆಗೆದು ಕುತ್ತಿಗೆಯಲ್ಲಿ ಕೂರಿಸುವುದು ಆ ಪದ್ಧತಿ. ಬೆಸೆಯುವ ಗುಣದಲ್ಲಿ ಇಂದಿಗೂ ಬೇರೆಲ್ಲವನ್ನೂ ಅದರೊಂದಿಗೆ ಹೋಲಿಸಿಯೇ ಅಳೆಯುತ್ತಾರೆ.

ತೊಂದರೆ ಸೊಂಟದಲ್ಲಿ. ಕುತ್ತಿಗೆಯ ಗಾಯ ಮರೆತುಹೋದ ಮೇಲೂ ಸೊಂಟದ ನೋವನ್ನು ಹೇಳಿಕೊಂಡು ಬರುವವರಿದ್ದಾರೆ. ಕೆಲವರಿಗೆ ತೊಡೆಯ ಹೊರಬದಿಗೆ ಹೋಗುವ ಚರ್ಮದ ನರಕ್ಕೆ ಪೆಟ್ಟಾಗಿ ಮರಗಟ್ಟುತ್ತದೆ. ರಕ್ತ ಕಟ್ಟಿಕೊಳ್ಳುವುದು, ಸೋಂಕು, ಅಪರೂಪಕ್ಕೆ ಎಲುಬು ಮುರಿತವೂ ಉಂಟು. ಒಂದು ಡಿಸ್ಕಿನ ಜಾಗಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ಕುತ್ತಿಗೆಯ ಕೇಜ್ ಬಹಳ ಚಿಕ್ಕದು, ಸಾಮಾನ್ಯವಾಗಿ ಆರರಿಂದ ಎಂಟು ಮಿಲಿಮೀಟರ್ ಎತ್ತರ. ನಡುವಿನ ರಂಧ್ರ ತುಂಬಲು ಚಿಟಿಕೆಯಷ್ಟು ಎಲುಬು ಸಾಕು. ಬೆನ್ನುಹುರಿಯನ್ನು ಒತ್ತುತ್ತಿದ್ದ ಎಲುಬಿನ ಮುಳ್ಳುಗಳನ್ನು ಹೇಗೂ ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಚೂರುಗಳನ್ನು ಬಿಸಾಡದೆ, ಅಂಟಿದ ಮಾಂಸವನ್ನು ಬಿಡಿಸಿ, ಚಿಕ್ಕದಾಗಿ ಕತ್ತರಿಸಿ, ಅವರದೇ ರಕ್ತದಲ್ಲಿ ನೆನೆಸಿ ಕೇಜಿಗೆ ತುಂಬಬಹುದು. ಖರ್ಚಿಲ್ಲ, ಪರಕೀಯವಲ್ಲ, ಎರಡನೇ ಗಾಯವಿಲ್ಲ. ಧೂಮಪಾನ ಮಾಡದ, ಬೇರೆ ಕಾಯಿಲೆಯಿಲ್ಲದ ರೋಗಿಗೆ ಒಂದೇ ಹಂತದಲ್ಲಿ, ಅಂದರೆ ಒಂದೇ ಡಿಸ್ಕಿನ ಜಾಗದಲ್ಲಿ, ಶಸ್ತ್ರಚಿಕಿತ್ಸೆಯಾದರೆ ನಾನು ಮೊದಲು ನೆನೆಯುವುದು ಇದನ್ನೇ.

ದಾನಿಯ ಎಲುಬು ಎನ್ನುತ್ತಾರೆ. ಅದು ಯಾರದು? ಕಾಯಿಲೆ ಹರಡುವುದಿಲ್ಲವೇ?

ಮರಣಾನಂತರ ದಾನ ಮಾಡಿದವರ ಎಲುಬು ಇರಬಹುದು. ಸೊಂಟದ ಕೀಲು ಬದಲಿಸುವಾಗ ತೆಗೆದ ತೊಡೆಯೆಲುಬಿನ ಗುಂಡನ್ನು ಜೀವಂತ ರೋಗಿಯೇ ಒಪ್ಪಿ ಕೊಟ್ಟದ್ದೂ ಇರಬಹುದು. ನಮ್ಮ ದೇಶದಲ್ಲಿ ಇದು ಹೊಸದೇನಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಇದೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಅಂಗಾಂಶಗಳನ್ನೂ ಕಾನೂನಿನ ಒಳಗೆ ತಂದಿತು. ಅಂಗಾಂಶ ಬ್ಯಾಂಕುಗಳ ನೋಂದಣಿ ಕಡ್ಡಾಯ.

ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗೆ ಪರೀಕ್ಷಿಸುತ್ತಾರೆ. ಎಲುಬನ್ನು ತೊಳೆದು, ಕೊಬ್ಬು ಮತ್ತು ಮಜ್ಜೆ ತೆಗೆದು, ಶೈತ್ಯದಲ್ಲಿ ಒಣಗಿಸುತ್ತಾರೆ. ಹಲವು ಬ್ಯಾಂಕುಗಳು ಗಾಮಾ ಕಿರಣಗಳಿಂದಲೂ ಶುದ್ಧೀಕರಿಸುತ್ತವೆ. ಇಷ್ಟಾದ ಎಲುಬಿನಿಂದ ರೋಗ ಬರುವ ಸಾಧ್ಯತೆ ತೀರಾ ಕಡಿಮೆ. ಜೀವಕೋಶಗಳಿಲ್ಲದ ಕಾರಣ ಕಿಡ್ನಿ ಕಸಿಯಂತೆ ಜೀವನಪೂರ್ತಿ ಮಾತ್ರೆ ನುಂಗಬೇಕಾಗಿಲ್ಲ. ಅದೇ ಕಾರಣಕ್ಕೆ ಬೆಸೆಯುವುದು ಸ್ವಲ್ಪ ನಿಧಾನ.

ಜೀವಕೋಶಗಳನ್ನು ಉಳಿಸಿಕೊಂಡ ದಾನಿ ಎಲುಬು ಎಂದು ಮಾರುವ ವಸ್ತುಗಳ ವಿಷಯ ಬೇರೆ. ಕೋಶಗಳು ಬದುಕಬೇಕಾದರೆ ಕಿರಣಗಳಿಂದ ಶುದ್ಧೀಕರಿಸಲು ಆಗುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಒಬ್ಬನೇ ದಾನಿಯಿಂದ ತಯಾರಾದ ಇಂಥ ವಸ್ತು ನೂರಕ್ಕೂ ಹೆಚ್ಚು ರೋಗಿಗಳಿಗೆ ಹೋಗಿ, ಅವರಲ್ಲಿ ಬಹುಪಾಲು ಜನರಲ್ಲಿ ಕ್ಷಯದ ಸೋಂಕು ಕಾಣಿಸಿಕೊಂಡಿತು. ಹೆಚ್ಚಿನವರು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಬಂದವರು. ಕ್ಷಯ ಮನೆಮಾತಾಗಿರುವ ನಮ್ಮ ದೇಶದಲ್ಲಿ ಈ ಘಟನೆಯನ್ನು ಯಾವ ಶಸ್ತ್ರಚಿಕಿತ್ಸಕನೂ ಮರೆಯಬಾರದು.

‘ಡಿಬಿಎಂ’ ಎಂದರೇನು?

ದಾನಿಯ ಎಲುಬನ್ನು ಆಮ್ಲದಲ್ಲಿಟ್ಟು ಸುಣ್ಣದ ಅಂಶವನ್ನು ತೆಗೆದಾಗ ಉಳಿಯುವ ಕೊಲಾಜೆನ್ ಮತ್ತು ಬೆಳವಣಿಗೆಯ ಪ್ರೋಟೀನ್‌ಗಳ ಮಿಶ್ರಣ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ವೈದ್ಯವಿಜ್ಞಾನಿ ಹೀಗೆ ಸುಣ್ಣ ಕಳೆದ ಎಲುಬನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ, ಎಲುಬೇ ಇರಬಾರದ ಆ ಜಾಗದಲ್ಲಿ ಹೊಸ ಎಲುಬು ಮೂಡಿತು. ಎಲುಬಿನೊಳಗೇ ಒಂದು ಸಂಕೇತ ಅಡಗಿದೆ ಎಂದು ಜಗತ್ತಿಗೆ ತಿಳಿದದ್ದು ಆಗ. ಇಂದು ಅದು ಪೇಸ್ಟ್ ಅಥವಾ ಹಿಟ್ಟಿನ ಮುದ್ದೆಯ ರೂಪದಲ್ಲಿ ಸಿಗುತ್ತದೆ. ದಾನಿಯ ವಯಸ್ಸು ಮತ್ತು ತಯಾರಿಕೆಯ ಕ್ರಮವನ್ನು ಅನುಸರಿಸಿ ಅದರ ಶಕ್ತಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಾಗಾಗಿ ಸ್ವಂತ ಎಲುಬಿನ ಚೂರುಗಳು ಸಾಲದಿದ್ದಾಗ ಜೊತೆಗೆ ಬೆರೆಸಲು ಸರಿ. ಅದನ್ನೇ ನಂಬಿಕೊಳ್ಳಲು ಅಲ್ಲ.

ಕೃತಕ ಎಲುಬು ಪುಡಿ?

ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಸೆರಾಮಿಕ್ ಕಣಗಳು. ನಮ್ಮ ಎಲುಬಿನ ಖನಿಜಕ್ಕೆ ಹತ್ತಿರದ ರಚನೆ. ಮೊದಲನೆಯದು ವರ್ಷಗಟ್ಟಲೆ ಕರಗದೆ ಉಳಿಯುತ್ತದೆ, ಎರಡನೆಯದು ಬೇಗ ಕರಗಿ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿದ ಕಣಗಳೇ ಹೆಚ್ಚು ಬಳಕೆಯಲ್ಲಿವೆ. ಇವು ಹಂದರ ಮಾತ್ರ. ರೋಗಭಯವಿಲ್ಲ, ಪ್ರಾಣಿಮೂಲದ ಪ್ರಶ್ನೆಯಿಲ್ಲ, ಬೆಲೆಯೂ ಉಳಿದವುಗಳಿಗಿಂತ ಕೈಗೆಟಕುವಂಥದ್ದು. ಒಂದು ಎಚ್ಚರಿಕೆ: ಕಣಗಳು ಎಕ್ಸ್‌ರೇಯಲ್ಲಿ ಎಲುಬಿನಂತೆಯೇ ಬೆಳ್ಳಗೆ ಕಾಣುತ್ತವೆ. ಮೂರು ತಿಂಗಳ ಎಕ್ಸ್‌ರೇ ನೋಡಿ ‘ಬೆಸೆದುಕೊಂಡಿದೆ’ ಎಂದು ಸಂತೋಷಪಡುವ ಮೊದಲು ವೈದ್ಯರ ಮಾತು ಕೇಳಿ.

ಬಿಎಂಪಿ ಅತ್ಯಂತ ಶಕ್ತಿಶಾಲಿ ಎಂದು ಓದಿದ್ದೇವೆ. ನಮ್ಮ ತಂದೆಯವರಿಗೆ ಅದನ್ನೇ ಹಾಕಬಹುದೇ?

ಶಕ್ತಿಶಾಲಿ ಎಂಬುದು ನಿಜ. ಯೂರಿಸ್ಟ್ ಕಂಡ ಸಂಕೇತದ ಒಂದು ಪ್ರೋಟೀನನ್ನು, ಬಿಎಂಪಿ-2 ಎಂಬುದನ್ನು, ಪ್ರಯೋಗಾಲಯದಲ್ಲಿ ಜೀವಕೋಶಗಳಿಂದ ತಯಾರಿಸುತ್ತಾರೆ. ಅದನ್ನು ಕೊಲಾಜೆನ್ ಸ್ಪಂಜಿನಲ್ಲಿ ಹೀರಿಸಿ ಇಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಸೊಂಟದ ಭಾಗದ ಬೆನ್ನುಮೂಳೆಗೆ, ಹೊಟ್ಟೆಯ ಕಡೆಯಿಂದ ಮಾಡುವ ಶಸ್ತ್ರಚಿಕಿತ್ಸೆಗೆ. ಅಲ್ಲಿ ಕೆಲಸ ಮಾಡಿದ್ದು ಇಲ್ಲೂ ಮಾಡುತ್ತದೆ ಎಂದು ಕುತ್ತಿಗೆಯಲ್ಲೂ ಬಳಸತೊಡಗಿದರು.

ಕುತ್ತಿಗೆಯ ಮುಂಭಾಗ ಇಕ್ಕಟ್ಟಿನ ಜಾಗ. ಎಲುಬಿನ ಮುಂದೆಯೇ ಅನ್ನನಾಳ, ಅದರ ಮುಂದೆ ಶ್ವಾಸನಾಳ. ಬಿಎಂಪಿ ಎಲುಬಿನ ಕೋಶಗಳನ್ನು ಕರೆಯುವಾಗ ಉರಿಯೂತವನ್ನೂ ಕರೆಯುತ್ತದೆ, ಸುತ್ತಲಿನ ಮೃದುಭಾಗ ನೀರು ತುಂಬಿ ಬಾತುಕೊಳ್ಳುತ್ತದೆ. ಸೊಂಟದಲ್ಲಿ ಆ ಊತಕ್ಕೆ ಜಾಗವಿದೆ, ಕುತ್ತಿಗೆಯಲ್ಲಿ ಇಲ್ಲ. 2008ರ ಜುಲೈ 1ರಂದು ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ನಾಲ್ಕು ವರ್ಷಗಳಲ್ಲಿ ಕುತ್ತಿಗೆಯ ಬಳಕೆಯಿಂದಾದ 38 ತೊಡಕುಗಳ ವರದಿ ಅದರ ಮುಂದಿತ್ತು. ನುಂಗಲಾಗದಿರುವುದು, ಮಾತಾಡಲಾಗದಿರುವುದು, ಉಸಿರುಗಟ್ಟುವುದು. ಕೆಲವರಿಗೆ ಗಂಟಲಿನಲ್ಲಿ ರಂಧ್ರ ಮಾಡಿ ಉಸಿರಾಟದ ನಳಿಕೆ ಹಾಕಬೇಕಾಯಿತು. ಹೆಚ್ಚಿನ ತೊಡಕು ಕಂಡದ್ದು ಶಸ್ತ್ರಚಿಕಿತ್ಸೆಯಾದ 2ರಿಂದ 14 ದಿನಗಳೊಳಗೆ, ಅಂದರೆ ರೋಗಿ ಮನೆಗೆ ಹೋದ ಮೇಲೂ. ರಾತ್ರಿ ಉಸಿರು ಕಟ್ಟಿದ ರೋಗಿಯನ್ನು ಕಾರ್ಕಳದ ಒಳಹಳ್ಳಿಯಿಂದಲೋ ಬೈಂದೂರಿನಿಂದಲೋ ದೊಡ್ಡ ಆಸ್ಪತ್ರೆಗೆ ತಲುಪಿಸುವ ಹೊತ್ತನ್ನು ಲೆಕ್ಕ ಹಾಕಿದರೆ ಇದರ ಗಂಭೀರತೆ ತಿಳಿಯುತ್ತದೆ.

ಇನ್ನೂ ಒಂದು ಕಥೆಯಿದೆ. ಕಂಪನಿಯ ಹಣದಿಂದ ನಡೆದ ಆರಂಭದ ಅಧ್ಯಯನಗಳು ಅಡ್ಡಪರಿಣಾಮಗಳನ್ನು ತೀರಾ ಕಡಿಮೆ ತೋರಿಸಿದ್ದವು ಎಂದು 2011ರಲ್ಲಿ ಬೆನ್ನುಮೂಳೆ ತಜ್ಞರ ಪತ್ರಿಕೆಯೊಂದು ಬಹಿರಂಗವಾಗಿ ಬರೆಯಿತು. ಆ ಬಳಿಕ ಯೇಲ್ ವಿಶ್ವವಿದ್ಯಾಲಯದ ಮೂಲಕ ಮೂಲ ದತ್ತಾಂಶವನ್ನು ಪಡೆದ ಎರಡು ಸ್ವತಂತ್ರ ತಂಡಗಳು 2013ರಲ್ಲಿ ಫಲಿತಾಂಶ ಪ್ರಕಟಿಸಿದವು. ಸ್ವಂತ ಎಲುಬಿಗಿಂತ ಸ್ಪಷ್ಟವಾದ ಹೆಚ್ಚುಗಾರಿಕೆ ರೋಗಿಗೆ ಸಿಗುತ್ತದೆ ಎಂದು ಅವು ಹೇಳಲಿಲ್ಲ. ಔಷಧ ಕಂಪನಿಯ ಕರಪತ್ರ ಓದುವಾಗ ವೈದ್ಯರೂ ಈ ಘಟನೆಯನ್ನು ನೆನಪಿಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾದರೆ ಉತ್ತರ? ಕುತ್ತಿಗೆಯ ಮುಂಭಾಗದ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಬೇಡ. ಹಿಂದೆ ಬೆಸೆಯದೆ ವಿಫಲವಾಗಿ, ಹಿಂಭಾಗದಿಂದ ಮರುಶಸ್ತ್ರಚಿಕಿತ್ಸೆ ಮಾಡುವಂಥ ಕಷ್ಟದ ಸಂದರ್ಭದಲ್ಲಿ ಯಾರಾದರೂ ಸೂಚಿಸಿದರೆ, ಎಷ್ಟು ಪ್ರಮಾಣ, ಯಾಕೆ, ಪರ್ಯಾಯವೇನು ಎಂದು ಕೇಳಿ ಬರೆಸಿಕೊಳ್ಳಿ.

ಪಿ-15 ಎಂಬ ಹೊಸ ವಸ್ತುವಿನ ಬಗ್ಗೆ?

ಎಲುಬಿನ ಕೊಲಾಜೆನ್‌ನಲ್ಲಿ ಕೋಶಗಳು ಅಂಟಿಕೊಳ್ಳುವ ತಾಣವನ್ನು ಅನುಕರಿಸುವ, 15 ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿ. ಕುತ್ತಿಗೆಯ ಒಂದೇ ಹಂತದ ಬೆಸುಗೆಗೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ನೀಡಿತು. ಸ್ಥಳೀಯ ಸ್ವಂತ ಎಲುಬಿಗೆ ಹೋಲಿಸಿದ ಅಧ್ಯಯನದಲ್ಲಿ ಅದಕ್ಕಿಂತ ಕಳಪೆಯಲ್ಲ ಎಂದು ಕಂಡುಬಂತು. ಕುತ್ತಿಗೆಗೆಂದೇ ಪರೀಕ್ಷಿಸಿದ ವಸ್ತು ಎಂಬುದು ಇದರ ಹೆಚ್ಚುಗಾರಿಕೆ.

ಸ್ಟೆಮ್ ಸೆಲ್, ಪಿಆರ್‌ಪಿ ಹಾಕಿದರೆ ಬೇಗ ಬೆಸೆಯುತ್ತದೆಯೇ?

ಸೊಂಟದ ಎಲುಬಿನಿಂದ ಸೂಜಿಯಲ್ಲಿ ಮಜ್ಜೆ ಹೀರಿ ಸೆರಾಮಿಕ್ ಕಣಗಳಿಗೆ ಬೆರೆಸುವುದು ತರ್ಕಬದ್ಧ, ತೊಂದರೆಯೂ ಕಡಿಮೆ. ರೋಗಿಯದೇ ರಕ್ತದಿಂದ ಬೇರ್ಪಡಿಸುವ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವವಾದ ಪಿಆರ್‌ಪಿಗೆ ಕುತ್ತಿಗೆಯ ಬೆಸುಗೆಯಲ್ಲಿ ಗಟ್ಟಿ ಪುರಾವೆ ಇಲ್ಲ. ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಇಂಥ ಬಳಕೆ ಅನುಮೋದಿತ ಸಂಶೋಧನೆಯ ಭಾಗವಾಗಿ ಮಾತ್ರ ನಡೆಯಬೇಕು, ಮತ್ತು ಸಂಶೋಧನೆಗೆ ರೋಗಿಯಿಂದ ಹಣ ವಸೂಲು ಮಾಡುವಂತಿಲ್ಲ.

ನಾವು ಶುದ್ಧ ಸಸ್ಯಾಹಾರಿಗಳು. ಇದರಲ್ಲಿ ದನದ ಅಥವಾ ಹಂದಿಯ ಅಂಶ ಇರುತ್ತದೆಯೇ?

ಉಡುಪಿಯ ಮಠದ ಬೀದಿಯವರೂ ಮೂಡುಬಿದಿರೆಯ ಜೈನರೂ ಬಂದರಿನ ಮುಸ್ಲಿಂ ಕುಟುಂಬಗಳೂ ಕೇಳುವ ಪ್ರಶ್ನೆ ಇದು. ಸಂಕೋಚ ಬೇಡ, ಕೇಳಲೇಬೇಕಾದದ್ದು. ಬಿಎಂಪಿಯ ಕೊಲಾಜೆನ್ ಸ್ಪಂಜು ದನದಿಂದ ಬಂದದ್ದು. ಪಿ-15ರಲ್ಲಿ ಆ ಸರಪಳಿಯನ್ನು ಅಂಟಿಸುವುದು ದನದ ಎಲುಬಿನಿಂದ ಪಡೆದ ಖನಿಜದ ಮೇಲೆ. ರಕ್ತ ನಿಲ್ಲಿಸಲು ಬಳಸುವ ಜಿಲೆಟಿನ್ ಸ್ಪಂಜು ಹಲವು ಬಾರಿ ಹಂದಿಮೂಲದ್ದು. ಎಲುಬಿನ ವಸ್ತುವಿನ ಬಗ್ಗೆ ಮಾತ್ರ ಕೇಳಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಡಿಬಿಎಂ ಮಾನವಮೂಲದ್ದು, ಅದನ್ನು ಬೆರೆಸಿದ ಜೆಲ್ ಏನೆಂದು ಕೇಳಿ. ಸ್ವಂತ ಎಲುಬು ಮತ್ತು ಸೆರಾಮಿಕ್ ಕಣಗಳಿಗೆ ಈ ಪ್ರಶ್ನೆಯೇ ಇಲ್ಲ.

ನಿಮ್ಮ ನಂಬಿಕೆಯನ್ನು ವೈದ್ಯರಿಗೆ ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ಹೇಳಿ. ಹಿಂದಿನ ಸಂಜೆ ಹೇಳಿದರೆ ಪರ್ಯಾಯ ತರಿಸಲು ಹೊತ್ತು ಸಿಗುವುದಿಲ್ಲ. ಯಾವುದನ್ನು ಒಪ್ಪುವುದು ಎಂಬ ತೀರ್ಮಾನ ನಿಮ್ಮದು ಮತ್ತು ನಿಮ್ಮ ಗುರುಹಿರಿಯರದು.

ಖರ್ಚು ಎಷ್ಟಾಗುತ್ತದೆ? ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ದರ ಪ್ಯಾಕೇಜ್ ರೂಪದಲ್ಲಿರುವುದರಿಂದ ಜೈವಿಕ ವಸ್ತು ಅದರೊಳಗೆ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿ ವಿಮೆಯವರೂ ಹೀಗೆಯೇ. ಅಂದಾಜು ಪಟ್ಟಿಯಲ್ಲಿ ಕೇಜ್, ಪ್ಲೇಟ್, ಎಲುಬಿನ ವಸ್ತು ಮೂರನ್ನೂ ಬೇರೆಬೇರೆ ಬರೆಸಿ.

ಇನ್ನೊಂದು ಕೆಲಸ ಮಾಡಿ. ಪ್ರತಿ ವಸ್ತುವಿನ ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಸ್ ಶೀಟಿನಲ್ಲಿ ಅಂಟಿಸುತ್ತಾರೆ. ಬಿಡುಗಡೆಯ ದಿನ ಆ ಹಾಳೆಯ ಪ್ರತಿ ಕೇಳಿ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋ ಇಡಿ. ಯಾವುದಾದರೂ ಬ್ಯಾಚನ್ನು ಹಿಂಪಡೆಯುವ ಸುದ್ದಿ ಬಂದರೆ ನಿಮ್ಮ ಕೈಯಲ್ಲಿರುವ ಏಕೈಕ ದಾಖಲೆ ಅದು.

ಬೀಡಿ, ಎಲೆಯಡಿಕೆ ಬಿಡಲೇಬೇಕೇ?

ತಂಬಾಕನ್ನು ಬಿಡಲೇಬೇಕು. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸ ರಕ್ತನಾಳ ಬರದ ಜಾಗಕ್ಕೆ ಹೊಸ ಎಲುಬು ಬರುವುದಿಲ್ಲ. ಬಾಯಲ್ಲಿ ಇಟ್ಟುಕೊಂಡ ತಂಬಾಕಿನಿಂದಲೂ ನಿಕೋಟಿನ್ ರಕ್ತಕ್ಕೆ ಹೋಗುತ್ತದೆ. ‘ನಾನು ಸೇದುವುದಿಲ್ಲ, ಎಲೆಯಡಿಕೆಗೆ ಮಾತ್ರ ಹಾಕುತ್ತೇನೆ’ ಎಂಬುದು ಸಮಾಧಾನವಲ್ಲ. ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಿ, ಎಲುಬು ಬೆಸೆಯುವವರೆಗೂ ಮುಟ್ಟಬೇಡಿ. ದಿನಕ್ಕೊಂದು ಕಟ್ಟು ಬೀಡಿ ಸೇದುವ ರೋಗಿಗೆ ದುಬಾರಿ ವಸ್ತು ಹಾಕುವುದು ನನಗೆ ಮನಸ್ಸಿಗೆ ಒಪ್ಪದ ಕೆಲಸ. ಅದೇ ಹಣ ಆ ಮನೆಯ ಮಕ್ಕಳ ಶಾಲೆಗೆ ಆದೀತು.

ಸಕ್ಕರೆ ಕಾಯಿಲೆ ಹಿಡಿತದಲ್ಲಿರಲಿ. ವಿಟಮಿನ್ ಡಿ ಪರೀಕ್ಷಿಸಿಕೊಳ್ಳಿ. ಕಡಲತೀರದ ಬಿಸಿಲಿನಲ್ಲಿದ್ದೂ ಕೊರತೆ ಇರುವವರು ಧಾರಾಳ. ಗಂಜಿ ಉಪ್ಪಿನಕಾಯಿಯಲ್ಲೇ ತಿಂಗಳು ಕಳೆಯಬೇಡಿ, ಪ್ರೋಟೀನ್ ಬೇಕು: ಹುರುಳಿ, ಹೆಸರು, ಮೊಸರು, ತಿನ್ನುವವರಿಗೆ ಮೊಟ್ಟೆ, ಬೂತಾಯಿ. ನೋವಿನ ಮಾತ್ರೆಗಳಲ್ಲಿ ಕೆಲವು ಬೆಸುಗೆಯನ್ನು ನಿಧಾನಿಸಬಹುದು, ಅಂಗಡಿಯಿಂದ ನೀವಾಗಿಯೇ ತಂದು ನುಂಗಬೇಡಿ. ಮಂಗರಬಳ್ಳಿಯ ಚಟ್ನಿ ಊಟದಲ್ಲಿ ತಿಂದರೆ ತಕರಾರಿಲ್ಲ. ಆದರೆ ಕುತ್ತಿಗೆಗೆ ಎಣ್ಣೆ ಹಚ್ಚಿ ತಿಕ್ಕಿಸುವುದು, ಲಟಿಕೆ ತೆಗೆಸುವುದು ಖಂಡಿತ ಬೇಡ.

ಕೆಲಸಕ್ಕೆ ಯಾವಾಗ ಹೋಗಬಹುದು?

ಕುಳಿತು ಮಾಡುವ ಕೆಲಸಕ್ಕೆ ಕೆಲವು ವಾರಗಳಲ್ಲಿ. ತಲೆಹೊರೆ, ಅಡಿಕೆ ಕೊಯ್ಲು, ಮಲ್ಪೆಯ ಬೋಟಿನ ಕೆಲಸಕ್ಕೆ ಎಕ್ಸ್‌ರೇ ನೋಡಿ ವೈದ್ಯರು ಹೇಳಿದ ಮೇಲೆ. ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಬೀಡಿ ಕಟ್ಟುವವರು ಮೊರವನ್ನು ಮಡಿಲಿನಲ್ಲಿ ಇಟ್ಟುಕೊಳ್ಳದೆ ಎತ್ತರದ ಮಣೆಯ ಮೇಲಿಟ್ಟುಕೊಂಡರೆ ತಲೆ ತಗ್ಗುವುದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಮನೆಯ ಅಂಗಳದ ಪಾಚಿಯನ್ನು ಮೊದಲೇ ಕೆರೆಸಿ. ಜಾರಿ ಬಿದ್ದರೆ ಬೆಸುಗೆಗೆ ದೊಡ್ಡ ಪೆಟ್ಟು.

ಮನೆಗೆ ಹೋದ ಮೇಲೆ ಯಾವ ಲಕ್ಷಣಕ್ಕೆ ಹೆದರಬೇಕು?

ಗಂಟಲು ನೋವು, ಸ್ವಲ್ಪ ನುಂಗಲು ಕಷ್ಟ, ದನಿ ಒಡೆಯುವುದು ಮೊದಲ ದಿನಗಳಲ್ಲಿ ಸಾಮಾನ್ಯ, ವಾರಗಳಲ್ಲಿ ಇಳಿಯುತ್ತದೆ. ಆದರೆ ಕುತ್ತಿಗೆ ಬಾತುಕೊಂಡರೆ, ಉಗುಳನ್ನೂ ನುಂಗಲಾಗದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಕೈಕಾಲಿನ ಬಲ ಹೊಸದಾಗಿ ಕುಗ್ಗಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಜೊತೆಗೆ ಹಿಡಿದುಕೊಳ್ಳಿ.

ಒಂದು ವರ್ಷವಾಯಿತು, ಸಿಟಿ ಸ್ಕ್ಯಾನಿನಲ್ಲಿ ಪೂರ್ತಿ ಬೆಸೆದಿಲ್ಲ ಎನ್ನುತ್ತಾರೆ. ಮತ್ತೆ ಶಸ್ತ್ರಚಿಕಿತ್ಸೆಯೇ?

ಚಿತ್ರಕ್ಕೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ರೋಗಿಗೆ ಮಾಡುತ್ತೇವೆ. ಎರಡು ಮೂರು ಹಂತಗಳಲ್ಲಿ ಬೆಸೆದವರಲ್ಲಿ ಒಂದು ಹಂತ ಹಿಂದುಳಿಯುವುದು ಹೆಚ್ಚು. ನೋವಿಲ್ಲ, ಕೈಕಾಲಿನ ಬಲ ಚೆನ್ನಾಗಿದೆ, ತಲೆ ಬಗ್ಗಿಸಿ ಎತ್ತಿ ತೆಗೆದ ಎಕ್ಸ್‌ರೇಗಳಲ್ಲಿ ಅಲುಗಾಟವಿಲ್ಲ ಎಂದಾದರೆ ಕಾಯಬಹುದು. ಎರಡನೇ ವರ್ಷದಲ್ಲಿ ಬೆಸೆದುಕೊಂಡವರೂ ಇದ್ದಾರೆ. ಕುತ್ತಿಗೆ ನೋವು ಅಥವಾ ತೋಳಿನ ನೋವು ಮರುಕಳಿಸಿ, ಅಲುಗಾಟವೂ ಕಂಡರೆ ಮಾತ್ರ ಮರುಚಿಕಿತ್ಸೆಯ ಮಾತು. ಆಗ ಸಾಮಾನ್ಯವಾಗಿ ಹಿಂಭಾಗದಿಂದ ಸ್ಕ್ರೂ ಹಾಕಿ, ಸ್ವಂತ ಎಲುಬು ಸೇರಿಸಿ ಬೆಸೆಯುತ್ತೇವೆ. ಆ ಸಲ ಸೊಂಟದ ಎಲುಬು ತೆಗೆಯಬೇಕೆಂದು ವೈದ್ಯರು ಹೇಳಿದರೆ ಬೇಡವೆನ್ನಬೇಡಿ.